ಹೆಡ್‌ಫೋನು, ಆಂಪು ಮತ್ತು ಮನೆಮಂದಿ

ಹೊರನಾಡಿನ ಕನ್ನಡ ಮನೆಗೆ ದುಬಾರಿ ಹೆಡ್‌ಫೋನ್ ಬಂದು ಮೂರು ದಿನ ಆಗುವಷ್ಟರಲ್ಲಿ ಅದಕ್ಕೊಂದು ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಎತ್ತುವವನು ಸಾಮಾನ್ಯವಾಗಿ ಗಂಡ. ಉತ್ತರ ಅವನ ಬಳಿ ಮೊದಲೇ ಸಿದ್ಧವಿರುತ್ತದೆ. ಹೆಂಡತಿಯ ಬಳಿಯೂ ಇರುತ್ತದೆ, ಅದು ಬೇರೆ. ಎರಡನ್ನೂ ಬದಿಗಿಟ್ಟು ನೋಡಿದರೆ ವಿಷಯ ನಿಂತಿರುವುದು ಎರಡು ಅಂಕಿಗಳ ಮೇಲೆ: ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಹೊಮ್ಮಿಸುವ ಸದ್ದು) ಎಷ್ಟು ಡೆಸಿಬೆಲ್. ಎರಡೂ ಡಬ್ಬಿಯ ಮೇಲೋ ಒಳಗಿನ ಚೀಟಿಯಲ್ಲೋ ಇರುತ್ತವೆ. ಡಬ್ಬಿ ಮಾತ್ರ ಅಷ್ಟರಲ್ಲಿ ಊರಿಂದ ಬಂದಿರುವ ಅಮ್ಮನ ಕೈಗೆ ಸಿಕ್ಕಿ, ಬಾದಾಮಿ ತುಂಬಿಕೊಂಡು ಸೂಟ್‌ಕೇಸ್ ಸೇರಿರುತ್ತದೆ.

1997ರಲ್ಲಿ ಬಂದು ಇಂದಿಗೂ ಬೇಡಿಕೆ ಕಳೆದುಕೊಳ್ಳದ ಸೆನ್‌ಹೈಸರ್ ಎಚ್‌ಡಿ 600 ಅನ್ನೇ ತೆಗೆದುಕೊಳ್ಳಬಹುದು. ಅದರ ಇಂಪೀಡೆನ್ಸ್ 300 ಓಮ್. ಒಂದು ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಸದ್ದು. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನಿನ ತೂತು ಮಾಯವಾದ ಮೇಲೆ ಆಪಲ್ ಮಾರತೊಡಗಿದ 9 ಡಾಲರಿನ ಗೇಣುದ್ದದ ಡಾಂಗಲ್ ಅಮೆರಿಕದಲ್ಲಿ ಸುಮಾರು ಒಂದು ವೋಲ್ಟನ್ನೇ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರ ಕಿವಿಗೆ ಹಾಕಿರುವ ಮಿತಿ ಸರಾಸರಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಹಾಗಾಗಿ ಸಿನಿಮಾ ಹಾಡು ಕೇಳುವವನಿಗೆ ಡಾಂಗಲ್ ಧಾರಾಳವಾಗಿ ಸಾಕು. (ಆ ಒಂಬತ್ತು ಡಾಲರನ್ನೂ ಅಪ್ಪ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಟ್ಟಿರುತ್ತಾರೆ.) ಯೂರೋಪಿನಲ್ಲಿ ಮಾರುವ ಡಾಂಗಲ್‌ಗೆ ಅರ್ಧ ವೋಲ್ಟಿನ ಕಡಿವಾಣವಿದೆ, ಮ್ಯೂನಿಕ್‌ನ ಕನ್ನಡಿಗನಿಗೆ 6 ಡೆಸಿಬೆಲ್ ಖೋತಾ. ಆಂಪಿಗಾಗಿ ವಾದಿಸಲು ಅಮೆರಿಕದ ಸನ್ನಿವೇಲ್‌ನವನಿಗಿಂತ ಅವನಿಗೆ ಗುಲಗಂಜಿಯಷ್ಟು ಹೆಚ್ಚು ನ್ಯಾಯವಿದೆ.

ವಾದಕ್ಕೆ ನಿಜವಾಗಿ ಬಲ ಬರುವುದು ಶಾಸ್ತ್ರೀಯ ಸಂಗೀತದಿಂದ. ಭೀಮಸೇನ ಜೋಶಿಯವರ ಕಛೇರಿಯಲ್ಲಿ ಆಲಾಪದ ಮೊದಲ ಸ್ವರಕ್ಕೂ ತಾನದ ತುದಿಗೂ ಸದ್ದಿನ ಅಂತರ ದೊಡ್ಡದು. ಮೆಲುದನಿ ಚೆನ್ನಾಗಿ ಕೇಳಬೇಕು, ತುದಿ ಒಡೆಯಬಾರದು ಎಂದರೆ ಕ್ಷಣಮಾತ್ರದ ಗಟ್ಟಿ ಸದ್ದಿಗೆ 110 ಡೆಸಿಬೆಲ್‌ವರೆಗೆ ಜಾಗ ಬೇಕಾದೀತು. 97ರಿಂದ 110 ಎಂದರೆ ಬರೀ ಹದಿಮೂರು ಹೆಚ್ಚು ಎಂದು ಕಾಣುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಅದಕ್ಕೆ ಇಪ್ಪತ್ತು ಪಟ್ಟು ವಿದ್ಯುತ್ ಶಕ್ತಿ ಬೇಕು, ವೋಲ್ಟಿನಲ್ಲಿ ಹೇಳಿದರೆ ಸುಮಾರು ನಾಲ್ಕೂವರೆ. ಇದು ಡಾಂಗಲ್‌ನಿಂದ ಆಗುವ ಕೆಲಸವಲ್ಲ. 2021ರಲ್ಲಿ ಬಂದ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋಗಳು 150 ಓಮ್ ದಾಟಿದ ಹೆಡ್‌ಫೋನ್‌ಗೆ 3 ವೋಲ್ಟ್‌ವರೆಗೆ ಕೊಡುತ್ತವೆ ಎಂಬುದನ್ನು ಮಾತ್ರ ಗಂಡಂದಿರು ಮನೆಯಲ್ಲಿ ಹೇಳುವುದಿಲ್ಲ. ಇನ್ನು ಗಾಯಕ ಕಾಳಿಂಗರಾಯರ ಹಳೆಯ ಗ್ರಾಮಫೋನ್ ತಟ್ಟೆಗಳಿಗಾಗಿ ಆಂಪು ತರುವುದು ದಂಡ. ಅದು ಹಾಡಿನ ಜೊತೆಗೆ ಸೂಜಿಯ ಸರಸರವನ್ನೂ ಅಷ್ಟೇ ಶ್ರದ್ಧೆಯಿಂದ ದೊಡ್ಡದು ಮಾಡುತ್ತದೆ.

ಓಮ್ ಕಡಿಮೆ ಎಂದರೆ ಸಲೀಸು ಎಂದೂ ಅಲ್ಲ. ಹೈಫೈಮ್ಯಾನ್ ಎಚ್‌ಇ-6ರ ಇಂಪೀಡೆನ್ಸ್ 50 ಓಮ್ ಅಷ್ಟೇ, ಆದರೆ ಒಂದು ಮಿಲಿವ್ಯಾಟಿಗೆ ಅದು ಕೊಡುವ ಸದ್ದು 83.5 ಡೆಸಿಬೆಲ್. 110 ಮುಟ್ಟಲು ಸುಮಾರು 450 ಮಿಲಿವ್ಯಾಟ್ ಬೇಕು. ಇಂಥದ್ದನ್ನು ಕೊಂಡವನಿಗೆ ಆಂಪು ಬೇಕೇ ಬೇಕು. ಮನೆಯಲ್ಲಿ ಹೆಡ್‌ಫೋನಿನ ಬೆಲೆ ಹೇಳುವಾಗಲೇ ಅದನ್ನೂ ಸೇರಿಸಿ ಹೇಳಿಬಿಟ್ಟರೆ ಬೈಗುಳ ಒಂದೇ ಸಲಕ್ಕೆ ಮುಗಿಯುತ್ತದೆ. ಬ್ಲೂಟೂತ್ ಹೆಡ್‌ಫೋನಿನ ಹೊಟ್ಟೆಯೊಳಗೇ ಆಂಪು ಇರುವುದರಿಂದ ಅಲ್ಲಿ ಚರ್ಚೆಯೇ ಇಲ್ಲ.

ಆಂಪಿನದೂ ಒಂದು ಔಟ್‌ಪುಟ್ ಇಂಪೀಡೆನ್ಸ್ ಇರುತ್ತದೆ. ಅದು ಹೆಡ್‌ಫೋನಿನದರ ಎಂಟನೆಯ ಒಂದು ಪಾಲು ಮೀರದಿದ್ದರೆ ಒಳ್ಳೆಯದು ಎಂಬುದು ರೂಢಿಯ ಲೆಕ್ಕ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪುಗಳಲ್ಲಿ ಇದು ಸಾಮಾನ್ಯವಾಗಿ ಹೆಚ್ಚು. 300 ಓಮಿನವು ಹೇಗೋ ಹೊಂದಿಕೊಳ್ಳುತ್ತವೆ, 32 ಓಮಿನವುಗಳಲ್ಲಿ ಹಲವು ಸದ್ದಿನ ಸ್ವರೂಪವನ್ನೇ ಬದಲಿಸುತ್ತವೆ. ವಾಲ್ವ್ ಆಂಪಿಗೆ ಇನ್ನೊಂದು ತೊಡಕು ಅಪ್ಪ. ಸಾಕಷ್ಟು ದುಡ್ಡು ಸುರಿದು ತಂದ ಪೆಟ್ಟಿಗೆಯ ನೆತ್ತಿಯಲ್ಲಿ ಕೆಂಪಗೆ ಉರಿಯುವ ಗಾಜಿನ ಬುರುಡೆಗಳನ್ನು ಅವರು ಕನ್ನಡಕ ಏರಿಸಿ ನೋಡುತ್ತಾರೆ. "ಏನೋ ಇದು, ನಮ್ಮ ಮರ್ಫಿ ರೇಡಿಯೋದೊಳಗೂ ಇವೇ ಇದ್ವಲ್ಲೋ? ಟ್ರಾನ್ಸಿಸ್ಟರ್ ಬಂದಾಗ ಗುಜರಿಯವನಿಗೆ ಹಾಕಿದ್ವಿ" ಎನ್ನುತ್ತಾರೆ.

ಅಂಕಿಗಳಲ್ಲಿ ಕಾಣಿಸದ ಸಂಗತಿಯೊಂದಿದೆ. ಕುಕ್ಕರ್ ಸೀಟಿ, ಮಿಕ್ಸಿ, ವಾಟ್ಸ್ಆ್ಯಪಿನಲ್ಲಿ ಹುಬ್ಬಳ್ಳಿಯ ಚಿಕ್ಕಮ್ಮ: ಇವುಗಳಿಂದ ಪಾರಾಗಲೆಂದೇ ಹೆಡ್‌ಫೋನ್ ಕೊಂಡಿರುತ್ತಾರೆ. ಆದರೆ ಎಚ್‌ಡಿ 600ರಂಥವು ಓಪನ್-ಬ್ಯಾಕ್. ಹಿಂಬದಿಗೆ ಬರೀ ಜಾಲರಿ. ಚಿಕ್ಕಮ್ಮ ಒಳಗೆ ಬರುತ್ತಾರೆ, ಹಾಡು ಹೊರಗೆ ಹೋಗುತ್ತದೆ. ಆಂಪು ಹಾಕಿ ಸದ್ದು ಏರಿಸಿದರೆ ಪಕ್ಕದಲ್ಲಿ ಹೋಮ್‌ವರ್ಕ್ ಮಾಡುವ ಮಗಳಿಗೆ ಹಾಡು ಬಾಯಿಪಾಠವಾಗುತ್ತದೆಯೇ ಹೊರತು ಮಿಕ್ಸಿ ನಿಲ್ಲುವುದಿಲ್ಲ. ಇದಕ್ಕೆ ಮದ್ದು ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್-ಬ್ಯಾಕ್, ಆಂಪಲ್ಲ.

ಆಂಪಿನಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ ಎಂದು ತಿಳಿಯಲು ಆಂಪು, ಡಾಂಗಲ್ ಎರಡರ ಸದ್ದನ್ನೂ ಮೀಟರಿನಲ್ಲಿ ಅಳೆದು ಸಮ ಮಾಡಬೇಕು. ಒಂದು ಚೂರು ಜೋರಾಗಿದ್ದರೂ ಜೋರಾದದ್ದೇ ಚೆನ್ನ ಅನಿಸುವುದು ಕಿವಿಯ ಗುಣ. ಆಮೇಲೆ ಯಾವುದು ಯಾವುದೆಂದು ತಿಳಿಯದಂತೆ ಇನ್ನೊಬ್ಬರು ವೈರ್ ಬದಲಿಸುತ್ತ ಹೋಗಬೇಕು. ಈ ಕೆಲಸಕ್ಕೆ ಹೆಂಡತಿಗಿಂತ ನಿಷ್ಪಕ್ಷಪಾತಿ ಸಿಗುವುದು ಕಷ್ಟ.

"ಈಗ ಯಾವುದು ಹೇಳಿ?"

"ಆಂಪು! ತಂಬೂರಿ ಎಷ್ಟು ತಿಳಿಯಾಗಿ ಕೇಳ್ತಿದೆ ಗೊತ್ತಾ!"

"ರೀ, ಆಂಪಿಗೆ ಇನ್ನೂ ಪ್ಲಗ್ಗೇ ಹಾಕಿಲ್ಲ."

ಬೇಡವೆಂದು ತೀರ್ಮಾನವಾದ ಆಂಪನ್ನು ಅಂಗಡಿಗೆ ಹಿಂದಿರುಗಿಸುವ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಹೊರಡುವ ಅಪ್ಪ-ಅಮ್ಮನ ಸೂಟ್‌ಕೇಸಿನಲ್ಲಿ ಬಾದಾಮಿಯ ಪಕ್ಕ ಅದು ಬೆಂಗಳೂರಿನ ತಮ್ಮನಿಗೆ ಉಡುಗೊರೆಯಾಗುತ್ತದೆ. ಕಳಿಸುವ ಮುಂಚೆ ಅಡಾಪ್ಟರಿನ ಮೇಲಿನ ಸಣ್ಣಕ್ಷರ ಓದಬೇಕು. 100–240 ವೋಲ್ಟ್ ಎಂದಿದ್ದರೆ ಪಿನ್ನು ಬದಲಿಸಿದರಾಯಿತು. 120 ಎಂದಷ್ಟೇ ಇದ್ದರೆ, ನಮ್ಮೂರಿನ 230ಕ್ಕೆ ಸಿಕ್ಕಿಸಿದಾಗ ತಮ್ಮನಿಗೆ ಅದರಿಂದ ಕೇಳುವುದು ಒಂದೇ ಸದ್ದು: ಟಪ್.