ಮೂಲವ್ಯಾಧಿ

ನಮ್ಮ ಷಡ್ಡಕರಿಗೆ ಟಿವಿ ಮುಂದೆ ಹತ್ತು ನಿಮಿಷ ನೆಟ್ಟಗೆ ಕೂರಲು ಆಗುವುದಿಲ್ಲ. ಸೋಫಾದ ತುದಿಗೆ ಬರುತ್ತಾರೆ, ಒಂದು ಮಗ್ಗುಲಿಗೆ ವಾಲುತ್ತಾರೆ, ತಟಕ್ಕನೆ ಎದ್ದು ನಿಲ್ಲುತ್ತಾರೆ, ಸಣ್ಣಗೆ ನರಳುತ್ತಾರೆ. ನೋಡಿದವರು ಮೂಲವ್ಯಾಧಿ ಇರಬೇಕು ಅಂದುಕೊಳ್ಳುತ್ತಾರೆ. ತಪ್ಪೇನಿಲ್ಲ, ಅದು ಮೂಲವ್ಯಾಧಿಯೇ. ‘ಮೂಲದಲ್ಲಿ ಹಾಗಿಲ್ಲ’ ಎಂಬ ವ್ಯಾಧಿ. ಮೊದಲು ಕಾದಂಬರಿ ಓದಿ ಆಮೇಲೆ ಧಾರಾವಾಹಿ ನೋಡುವವರಿಗೆ ತಗಲುವಂಥದ್ದು.

ಇವರಿಗೆ ತಗಲಿದ್ದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರಿಂದ. ‘ಎ ಗೇಮ್ ಆಫ್ ಥ್ರೋನ್ಸ್’ ಬಂದದ್ದು 1996ರಲ್ಲಿ, ಐದನೆಯ ಸಂಪುಟ 2011ರ ಜುಲೈಯಲ್ಲಿ. ಆರನೆಯದಾದ ‘ದ ವಿಂಡ್ಸ್ ಆಫ್ ವಿಂಟರ್’ ಅಂದಿನಿಂದ ಬರುತ್ತಲೇ ಇದೆ. ಬಂದ ಐದೂ ಷಡ್ಡಕರ ಮನೆಯಲ್ಲಿ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿವೆ. ಮೂರನೆಯದರ ಬೆನ್ನಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪು. ಒಳಗೆಲ್ಲ ಬಸ್ ಟಿಕೆಟ್ಟು, ಕರೆಂಟ್ ಬಿಲ್ಲು. ಮೊದಲನೆಯದರಲ್ಲಿ ಯಾರದೋ ಉಪನಯನದ ಕರೆಯೋಲೆ. ಅದಿರುವ ಪುಟದಲ್ಲಿ ಜಾನ್ ಸ್ನೋ ಎಂಬ ಹುಡುಗನ ತಾಯಿ ಯಾರೆಂಬುದಕ್ಕೆ ಸುಳಿವಿದೆಯಂತೆ.

ಧಾರಾವಾಹಿ ಮಾಡುತ್ತೇವೆಂದು ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಬಂದಾಗ ಮಾರ್ಟಿನ್ ಕೇಳಿದ ಪ್ರಶ್ನೆಯೂ ಇದೇ: ಜಾನ್ ಸ್ನೋನ ತಾಯಿ ಯಾರು? ಇಬ್ಬರೂ ಸರಿಯಾಗಿ ಹೇಳಿ ಪಾಸಾದರು. ಈ ಸಂಗತಿ ಎತ್ತಿದರೆ ಷಡ್ಡಕರು ಮೂಗು ಮುರಿಯುತ್ತಾರೆ. “ಹೆಣ್ಣು ನೋಡೋಕೆ ಬಂದಾಗ ಎಲ್ಲ ಗಂಡುಗಳೂ ಒಳ್ಳೆಯವೇ ಕಣ್ರೀ.”

2011ರ ಏಪ್ರಿಲ್‌ನಲ್ಲಿ ಎಚ್‌ಬಿಒದಲ್ಲಿ ಸಂಸಾರ ಶುರುವಾಯಿತು. ಮೊದಲ ಕೆಲವು ವರ್ಷ ಷಡ್ಡಕರದೇ ದರ್ಬಾರು. 2013ರಲ್ಲಿ ‘ಕೆಂಪು ಮದುವೆ’ಯ ಕಂತು ಬಂತು. ಬೀಗರನ್ನು ಊಟಕ್ಕೆ ಕರೆದು ಕತ್ತು ಕೊಯ್ಯುವ ಕಂತು. ಅತ್ತಿಗೆ ಕಿಟಾರನೆ ಕಿರುಚಿದರು. ಷಡ್ಡಕರು ಟಿವಿ ನೋಡುತ್ತಲೇ ಇರಲಿಲ್ಲ, ಅತ್ತಿಗೆಯ ಮುಖ ನೋಡುತ್ತಿದ್ದರು. 2000ದಲ್ಲಿ ಬಂದ ಪುಸ್ತಕದ ಗುಟ್ಟನ್ನು ಕಟ್ಟಿಕೊಂಡ ಹೆಂಡತಿಗೂ ಹೇಳದೆ ಕಾಪಾಡಿದ್ದು ಈ ಕ್ಷಣಕ್ಕಾಗಿ!

ಆಮೇಲೆ ಟಿವಿಯವರು ಪುಸ್ತಕವನ್ನು ದಾಟಿ ಮುಂದೆ ಹೋದರು. 2016ರಲ್ಲಿ, ಆರನೆಯ ಸೀಸನ್ನಿಗೆ, ಬಾಕಿ ಉಳಿದ ಗುಟ್ಟುಗಳನ್ನೆಲ್ಲ ಮಾರ್ಚ್ ಕೊನೆಯ ಬಿಲ್ಲುಗಳ ಹಾಗೆ ಒಂದೊಂದಾಗಿ ಪಾಸು ಮಾಡತೊಡಗಿದರು.

ಪುಸ್ತಕದಲ್ಲಿ ‘ಕೋಲ್ಡ್‌ಹ್ಯಾಂಡ್ಸ್’ ಎಂಬ ಮುಸುಕಿನ ಮನುಷ್ಯನೊಬ್ಬ ಬರುತ್ತಾನೆ. ಹುಡುಗ ಬ್ರ್ಯಾನ್‌ನ ಕಳೆದುಹೋದ ಚಿಕ್ಕಪ್ಪ ಬೆಂಜೆನ್ನನೇ ಇವನು ಎಂದು ಬಹಳ ಜನರ ಗುಮಾನಿ. ಐದನೆಯ ಸಂಪುಟದ ಹಸ್ತಪ್ರತಿಯ ಅಂಚಿನಲ್ಲಿ ಸಂಪಾದಕಿ ‘ಇವನು ಬೆಂಜೆನ್ನನಾ?’ ಎಂದು ಕೇಳಿದ್ದಾರೆ, ಮಾರ್ಟಿನ್ ದಪ್ಪಕ್ಷರದಲ್ಲಿ ‘ಅಲ್ಲ’ ಎಂದು ಬರೆದಿದ್ದಾರೆ. ಟಿವಿಯಲ್ಲಿ ಆ ಮನುಷ್ಯನ ಜಾಗದಲ್ಲಿ ಬಂದು ಮುಸುಕು ತೆಗೆದವನು ಬೆಂಜೆನ್ನನೇ. “ಲೇಖಕನೇ ಬರೆದುಕೊಟ್ಟಿದ್ದಾನೆ ಅಲ್ಲ ಅಂತ! ದಾಖಲೆ ಇದೆ!” ಪಹಣಿ ತಿದ್ದಿಸಿಕೊಂಡ ದಾಯಾದಿಯ ಮೇಲೆ ಕೂಗಾಡುವ ದನಿಯಲ್ಲಿ ಷಡ್ಡಕರು ಎದ್ದು ನಿಂತರು.

ಅತ್ತಿಗೆ ಉಪ್ಪಿಟ್ಟಿನ ತಟ್ಟೆ ಕೈಗಿಡುತ್ತ ಅಂದರು, “ಹೋಗಲಿ ಬಿಡಿ, ಚಿಕ್ಕಪ್ಪ ಸಿಕ್ಕಿದನಲ್ಲ ಪಾಪ.”

ಅದಕ್ಕೆ ಒಂದು ವಾರ ಮೊದಲು ಹೋಡೋರ್ ಸತ್ತಿದ್ದ. ತನ್ನ ಹೆಸರಿನ ಹೊರತು ಬೇರೆ ಮಾತೇ ಆಡದ ಆ ದೈತ್ಯ, ಬಾಗಿಲು ಹಿಡಿದು ನಿಂತೇ ಪ್ರಾಣ ಬಿಟ್ಟಾಗ ಆ ಹೆಸರಿನ ಒಗಟೂ ಒಡೆದಿತ್ತು. ಈ ಗುಟ್ಟು ಮಾರ್ಟಿನ್ ಅವರೇ ಹೇಳಿಕೊಟ್ಟದ್ದು, ಹಾಗಾಗಿ ಆಕ್ಷೇಪಣೆಗೆ ಜಾಗವಿಲ್ಲ. ಷಡ್ಡಕರು ಬಿಕ್ಕಿ ಬಿಕ್ಕಿ ಅತ್ತರು. ಅತ್ತು, ಟವಲಿನಲ್ಲಿ ಮೂಗೊರೆಸಿಕೊಂಡು, “ಆದರೂ ಮೂಲದಲ್ಲಿ ಇವನ ನಿಜವಾದ ಹೆಸರು ವಾಲ್ಡರ್. ಇವರು ವೈಲಿಸ್ ಅಂತ ಮಾಡಿದ್ದಾರೆ” ಅಂದರು.

ಜೂನ್ ಕೊನೆಗೆ ಹತ್ತನೆಯ ಕಂತು ಬಂತು. ಅದರ ಹೆಸರು ‘ದ ವಿಂಡ್ಸ್ ಆಫ್ ವಿಂಟರ್’. ಪುಸ್ತಕ ಬಾರದಿದ್ದರೂ ಪುಸ್ತಕದ ಹೆಸರಾದರೂ ಬಂತಲ್ಲ! ಜಾನ್ ಸ್ನೋನ ತಾಯಿ ಲಯಾನಾ ಎಂದು ತಿಳಿದದ್ದೂ ಆವತ್ತೇ. ಅಂದರೆ ಹುಡುಗ ಇಷ್ಟು ದಿನ ಅಪ್ಪ ಅಂದುಕೊಂಡಿದ್ದ ನೆಡ್, ಸೋದರಮಾವ. ಉಪನಯನದ ಕರೆಯೋಲೆ ಗೆದ್ದಿತ್ತು! ನಾನು ಕೈ ಕುಲುಕಲು ಹೋದರೆ ಷಡ್ಡಕರು ಕೆನೆಗಟ್ಟಿದ ಕಾಫಿ ಹಿಡಿದು ಸುಮ್ಮನೆ ಕೂತಿದ್ದರು.

“ನೀವು ಹೇಳಿದ್ದೇ ನಿಜವಾಯಿತಲ್ಲ ಭಾವ?”

“ನಿಜವಾಯಿತು. ಇನ್ನು ನಾನೇನು ಮಾಡಲಿ ಹೇಳಿ.”

ಮಗಳನ್ನು ಧಾರೆ ಎರೆದುಕೊಟ್ಟು, ಚಪ್ಪರ ಬಿಚ್ಚುವುದನ್ನು ನೋಡುತ್ತ ಕೂತ ತಂದೆಯ ಹಾಗಿತ್ತು ಆ ಮುಖ.

ಪುಣ್ಯಕ್ಕೆ 2017ರಲ್ಲಿ ಚೇತರಿಸಿಕೊಂಡರು. ಜಾನ್‌ನ ನಿಜವಾದ ಹೆಸರು ಏಗಾನ್ ಎಂದು ಟಿವಿಯವರು ಸಾರಿದರು. ಆದರೆ ಅವನ ತಂದೆಗೆ ಮೊದಲ ಹೆಂಡತಿಯಲ್ಲಿ ಹುಟ್ಟಿದ ಮಗನ ಹೆಸರೂ ಏಗಾನ್! “ಯಾವ ಅಪ್ಪ ಇಬ್ಬರು ಗಂಡುಮಕ್ಕಳಿಗೂ ಒಂದೇ ಹೆಸರಿಡುತ್ತಾನ್ರೀ? ರೇಷನ್ ಕಾರ್ಡಿನಲ್ಲಿ ಏನಂತ ಬರೆಸೋದು?” ಮುಖದಲ್ಲಿ ಮತ್ತೆ ಕಳೆ ಬಂತು. 2019ರಲ್ಲಿ ಹಿಮದ ರಾಜ ನೈಟ್ ಕಿಂಗ್‌ನನ್ನು ಪುಟ್ಟ ಹುಡುಗಿ ಆರ್ಯಾ ಕೊಂದಾಗ ಲೋಕವೆಲ್ಲ ಜಗಳಕ್ಕೆ ಬಿತ್ತು. ಇವರು ಮಾತ್ರ ತಣ್ಣಗಿದ್ದರು. “ಮೂಲದ ಐದು ಸಂಪುಟದಲ್ಲಿ ಆ ಆಸಾಮಿಯೇ ಇಲ್ಲ. ಇಲ್ಲದವನನ್ನು ಯಾರು ಕೊಂದರೆ ನಮಗೇನು?”

ರೋಗ ವಂಶಪಾರಂಪರ್ಯವಂತೆ. ಇವರ ತಂದೆ ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ನೋಡಿ ಬಂದವರೇ, ತರಾಸು ಅವರ ಮೂರೂ ಕಾದಂಬರಿಗಳನ್ನು ಮಂಚದ ಮೇಲೆ ಹರವಿಕೊಂಡು ರಾತ್ರಿಯಿಡೀ ತಾಳೆ ನೋಡಿದ್ದರಂತೆ. ಆದರೆ ಅಪ್ಪನ ಕೈಯಲ್ಲಿ ಮೂಲವಿತ್ತು. ಮಗನ ಮೂಲ ಇನ್ನೂ ಅಚ್ಚಿಗೇ ಹೋಗಿಲ್ಲ. ಆ ಬಾರದ ಸಂಪುಟವನ್ನೇ ಮುಂದಿಟ್ಟುಕೊಂಡು ಅವರು 73 ಕಂತಿನ ಧಾರಾವಾಹಿಯ ತಪ್ಪು ಎಣಿಸುತ್ತಾರೆ. ಬರೆಯದ ಪುಸ್ತಕದಲ್ಲಿ ಕಾಗುಣಿತದ ತಪ್ಪು ಕೂಡ ಇರುವುದಿಲ್ಲವಲ್ಲ.

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. “ಭಾವ, ಆರನೇ ಸಂಪುಟ ನಾಳೆ ಬಂದುಬಿಟ್ಟರೆ?”

“ನಾಳೆಗಾ?” ಬಾಡಿಗೆ ಮನೆಯವನಿಗೆ ಖಾಲಿ ಮಾಡಿ ಅಂದಂತೆ ಬೆಚ್ಚಿದರು. ಎದ್ದು ಕಪಾಟಿನ ಹತ್ತಿರ ಹೋಗಿ ಟೇಪು ಹಚ್ಚಿದ ಬೆನ್ನನ್ನು ಒಮ್ಮೆ ಸವರಿದರು. “ಬರಲಿ ಬಿಡಿ. ಏನವಸರ? ಅವರಿಗೂ ವಯಸ್ಸಾಯಿತು, ನಿಧಾನವಾಗಿ ಬರೆಯಲಿ.”

ವಾಪಸು ಬಂದು, ಆ ಸಂಜೆ ಮೊದಲ ಬಾರಿಗೆ, ಸೋಫಾದಲ್ಲಿ ಬೆನ್ನು ಆನಿಸಿ ನೆಟ್ಟಗೆ ಕೂತರು.