ಒಂಬತ್ತು ಲಕ್ಷದ ಕುದುರೆ, ಅರವತ್ತು ಲಕ್ಷದ ಮೇವು

ಬೈಲಹೊಂಗಲದ ಗೋದಾಮೊಂದರಲ್ಲಿ, ಕಡಲೆ ಚೀಲಗಳ ಪಕ್ಕ, ತಾಡಪತ್ರಿ ಹೊದ್ದು ನಿಂತಿರುವ ಈ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ದಿಲ್ಲಿಯಿಂದ ಬಂದದ್ದು. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗಿಳಿಯಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವಯಸ್ಸು ಸಮೀಪಿಸಿದ ಗಾಡಿಗೆ ದಿಲ್ಲಿಯಲ್ಲಿ ಬೆಲೆ ಉಳಿಯುವುದು ಹೇಗೆ? ಹೊಸದಿದ್ದಾಗ 60 ಲಕ್ಷದ್ದು, ಇಲ್ಲಿಗೆ 9 ಲಕ್ಷಕ್ಕೆ ಬಂತು. ಆರೇ ತಿಂಗಳಲ್ಲಿ ನಮ್ಮ ಕಡೆಯ ಮಾತೂ ಕಲಿತಿದೆ.

ಪ್ರಶ್ನೆ: ಇಷ್ಟು ಅಗ್ಗಕ್ಕೆ ಸಿಕ್ಕಿರಲ್ಲ, ಮಾಲೀಕರ ಪುಣ್ಯ ಅನ್ನಬೇಕು.

ಕಾರು: ಪುಣ್ಯ ಅಲ್ರೀ, ಲೆಕ್ಕ ತಪ್ಪಿದ್ದು. ವಯಸ್ಸಾದಂಗ ಇಳದದ್ದು ನನ್ನ ಬೆಲಿ ಅಷ್ಟ. ಖರ್ಚು ಇನ್ನೂ ಅರವತ್ತು ಲಕ್ಷದ ಮನಿತನದ್ದ. ಬ್ರೇಕ್ ಪ್ಯಾಡ್ ಮಾರಾಂವ ‘ಗಾಡಿ ಎಷ್ಟಕ್ಕ ತಗೊಂಡ್ರಿ’ ಅಂತ ಕೇಳಿ ರೇಟ್ ಹೇಳೂದಿಲ್ಲ. ಸರ್ಕಾರನೂ ಕೇಳೂದಿಲ್ಲ. ಪರರಾಜ್ಯದ ಗಾಡಿ ಕೆಎ-24 ನಂಬರ್ ಹಾಕ್ಕೋಬೇಕಂದ್ರ ಆಜೀವ ತೆರಿಗಿ ಕಟ್ಟಬೇಕು. ಅದನ್ನ ಎಣಿಸೂದು ಹೊಸದಿದ್ದಾಗಿನ ಬೆಲಿ ಮ್ಯಾಲ. 20 ಲಕ್ಷ ದಾಟಿದ ಕಾರಿಗೆ ಶೇ 18ರ ದರ. ವಯಸ್ಸು ನೋಡಿ ಒಂದಿಷ್ಟು ಇಳಸ್ತಾರ, ಖರೆ. ಆದ್ರ ನೀವು ಕೊಟ್ಟ ಒಂಬತ್ತು ಲಕ್ಷದ ಮುಖಾನ ನೋಡೂದಿಲ್ಲ. ಥರ್ಡ್ ಪಾರ್ಟಿ ವಿಮಾ 1500 ಸಿಸಿ ದಾಟಿದ ಕಾರಿಗೆ 2022ರ ದರದಾಗ ವರ್ಷಕ್ಕ 7,897 ರೂಪಾಯಿ, ಗಾಡಿ ಮುದುಕ ಆದ್ರೂ ಅಷ್ಟ. ಹೊರದೇಶದಾಗ ಹುಟ್ಟಿದ ನನ್ನಂಥವರು 15 ವರ್ಷ ದಾಟಿ ನೋಂದಣಿ ನವೀಕರಣಕ್ಕ ಹೋದ್ರ ಮೊದಲ 15,000 ಇತ್ತು. 2022ರ ಏಪ್ರಿಲ್‌ನಿಂದ 40,000. ನೋಡ್ರಿ, ವಯಸ್ಸಾತಂತ ರಿಯಾಯಿತಿ ಕೇಳಾಕ ಹೋದ್ರ ದಂಡ!

ಪ್ರಶ್ನೆ: ಊರಲ್ಲಿ ಒಳ್ಳೆಯ ಮಿಸ್ತ್ರಿಗಳಿದ್ದಾರೆ. ಟ್ರ್ಯಾಕ್ಟರ್ ಬಿಚ್ಚಿ ಸಂಜೆಯೊಳಗೆ ಜೋಡಿಸುವವರಿಗೆ ನೀವೇನು ಮಹಾ?

ಕಾರು: ಅವರ ಕೈ ಮ್ಯಾಲ ನನಗ ಅನುಮಾನ ಇಲ್ಲ. ಟ್ರ್ಯಾಕ್ಟರ್ ಸಾಮಾನು ಬಜಾರದಾಗ ಸಿಗ್ತಾವ. ನನಗೇನಾಗೇತಿ ಅಂತ ತಿಳಕೊಳ್ಳಾಕ ಮೊದಲ ಕಂಪ್ಯೂಟರ್ ಹಚ್ಚಬೇಕು, ಅದು ಹೇಳಿದ ಸಾಮಾನು ದೂರದ ಊರಿಂದ ಬರಬೇಕು, ಬರೂತನಕ ನಾ ಇಲ್ಲೇ. ಸ್ಟೆಪ್ನಿನೂ ಇಲ್ಲ ನನಗ. ಇನ್ನ ರಸ್ತಾದ ಮಾತು. ನನ್ನ ಹೊಟ್ಟಿ ನೆಲದಿಂದ 12 ಸೆಂಟಿಮೀಟರ್. ನಿಯಮ ಓದಿ ಕಟ್ಟಿದ ಹಂಪಿನ ಎತ್ತರನ 10. ನಡುವ ಒಂದು ಬೆರಳು ತೂರಬೇಕು. ನಿಯಮ ಓದದ ಕಟ್ಟಿದ್ದು ಬ್ಯಾರೆ. ಎರಿ ನೆಲದ ಮ್ಯಾಲಿನ ಡಾಂಬರು ಬ್ಯಾಸಗ್ಯಾಗ ಬಿರೀತೇತಿ, ಮಳ್ಯಾಗ ಉಬ್ಬತೇತಿ. ಕಬ್ಬಿನ ಹಂಗಾಮಿನಾಗ ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿ ಕಡೆ ಎರಡು ಟ್ರೇಲರ್ ಎಳಕೊಂಡು ಹೋಗೂ ಟ್ರ್ಯಾಕ್ಟರ್ ಹಿಂದ, ಮುನ್ನೂರು ಕುದುರಿ ಶಕ್ತಿ ಹೊಟ್ಟ್ಯಾಗ ಇಟಗೊಂಡು, ಎರಡನೇ ಗೇರಿನಾಗ ತೆವಳತೇನಿ. ಕಿತ್ತೂರಿನ ಹೆದ್ದಾರಿ ಹತ್ತಿದ್ರೂ ಕಾಯ್ದೆ 100ಕ್ಕ ಲಗಾಮು ಹಾಕೇತಿ.

ಪ್ರಶ್ನೆ: ಹಾಗಾದರೆ ತಿಂಗಳಿಗೊಮ್ಮೆ ಮಾತ್ರ ಹೊರಗೆ ತೆಗೆದರೆ?

ಕಾರು: ನಿಂತ್ರೂ ತಿಂತೇನ್ರೀ. ಬ್ಯಾಟರಿ ಇಳೀತೇತಿ, ರಬ್ಬರ್ ಸೀಳತೇತಿ. ಕಡಲಿ ಚೀಲಕ್ಕ ಬಂದ ಇಲಿ ಊಟ ಮುಗಿಸಿ ನನ್ನ ವೈರಿಂಗಿಗೆ ಹಲ್ಲು ಹಚ್ಚತಾವ. ಬಗ್ಗಿ ನೋಡ್ರಿ, ಹೆಡ್‌ಲೈಟ್ ಹಿಂದ ತಾಮ್ರ ಹೊಳ್ಯಾಕತ್ತೇತಿ.

ಪ್ರಶ್ನೆ: ಹವ್ಯಾಸಕ್ಕೆ ಲೆಕ್ಕ ಇಡುವುದೇ ತಪ್ಪು ಅನ್ನುವವರಿದ್ದಾರೆ, ಆ ಮಾತಿನಲ್ಲಿ ಹುರುಳೂ ಇದೆ. ಈ ಸೀಮೆಯಲ್ಲಿ ಗಾಡಿ ಶರ್ಯತ್ತಿಗೆಂದು ಎತ್ತು ಸಾಕುವವರು ಲಾಭ ನೋಡಿ ಸಾಕುತ್ತಾರೆಯೇ?

ಕಾರು: ಲಾಭ ನೋಡೂದಿಲ್ಲ, ಮೇವು ನೋಡ್ತಾರ. ಕಿಲಾರಿ ಹೋರಿ ಕೊಳ್ಳಾಕ ಹೋದಾಂವ ಹಲ್ಲು ನೋಡ್ತಾನ, ಗೊರಸು ನೋಡ್ತಾನ, ಸುಳಿ ನೋಡ್ತಾನ, ದಿನಕ್ಕೆಷ್ಟು ಹಿಂಡಿ ಬೇಕಂತ ಮನಸ್ಸಿನಾಗ ಎಣಿಸಿ ಆಮ್ಯಾಲ ಟವೆಲ್ ಕೆಳಗ ಕೈ ಕೊಡ್ತಾನ. ನಮ್ಮ ಸಾವಕಾರ್ರು ಮೊಬೈಲಿನಾಗ ಫೋಟೋ ನೋಡಿ ಅಡ್ವಾನ್ಸ್ ಹಾಕಿದ್ರು. ಹವ್ಯಾಸ ಅಂತ ತಿಳಿದ ಖರ್ಚು ಮಾಡಿದ್ರ ನಂದೇನೂ ತಕರಾರಿಲ್ಲ. ಆದ್ರ ಅವರು ನನ್ನ ತಂದದ್ದು ಅಗ್ಗ ಅಂತ.

ಪ್ರಶ್ನೆ: ಬೇಡವೆನಿಸಿದರೆ ಮಾರಬಹುದಲ್ಲ?

ಕಾರು: ಮಾರಬಹುದು, ನನ್ನಂಗ ಮಾತಾಡೂ ಗಾಡಿ ಯಾರರ... ತಡೀರಿ, ಹೊರಗ ಯಾರೋ ಬಂದಂಗೈತಿ. ರಾಮದುರ್ಗದಿಂದ ನೋಡಾಕ ಬರ್ತಾರ ಅಂದಿದ್ರು. ಇಲಿ ಮಾತು ಇಲ್ಲೇ ಇರಲ್ರೀ. ಆ ತಾಡಪತ್ರಿ ಜರಾ ಹೆಡ್‌ಲೈಟ್ ಮ್ಯಾಲ ಎಳೀರಿ.