ಜಾಲ್ಸೂರು ಸೀಮೆಯ ಗೃಹಗಣಕ ಪಾಲನಾ ಶಾಸ್ತ್ರ: ಒಂದು ಅತಿಗಂಭೀರ ವಿವೇಚನೆ

ಗೃಹಗಣಕವೆಂಬುದು ಹವಾನಿಯಂತ್ರಿತ ಕೋಣೆಯಲ್ಲಿ, ಧೂಳಿಲ್ಲದ ಮೇಜಿನ ಮೇಲೆ ವಾಸಿಸುವ ಜೀವಿಯೆಂದು ನಂಬಿ ಬರೆದ ಕೈಪಿಡಿಗಳು ಲೋಕದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಅಡಿಕೆ ಸಿಪ್ಪೆಯ ಧೂಳಿನ ಪ್ರಸ್ತಾಪವಿಲ್ಲ, ಮಳೆಗಾಲಕ್ಕೆ ಮುನ್ನುಡಿಯಾದ ಪತ್ತನಾಜೆಯ ಹೆಸರಿಲ್ಲ, ಯುಪಿಎಸ್ಸಿನೊಳಗೆ ಸಂಸಾರ ಹೂಡುವ ಹಲ್ಲಿಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯಕ್ಕಿಂತ ತುಸು ಮೊದಲು, ಕಾಸರಗೋಡಿನ ದಾರಿ ಕವಲೊಡೆಯುವಲ್ಲಿರುವ ಜಾಲ್ಸೂರಿನ ಗಣಕಸ್ಥರು ಈ ಕೈಪಿಡಿಗಳನ್ನು ನಂಬಿ ಕೆಟ್ಟರೆಂಬುದು ಪ್ರಸ್ತುತ ಪ್ರಬಂಧದ ಪ್ರಮೇಯ.

ಮೊದಲು ಕಾಲನಿರ್ಣಯ. ಕಂಪನಿಗಳು ಗಣಕದ ಆಯುಸ್ಸನ್ನು ವಾರಂಟಿಯ ವರ್ಷಗಳಲ್ಲಿ ಅಳೆಯುತ್ತವೆ. ಜಾಲ್ಸೂರು ಪಾಠದಲ್ಲಿ ಅದನ್ನು ತುಳು ತಿಂಗಳುಗಳಲ್ಲಿ ಅಳೆಯತಕ್ಕದ್ದು. ಪಗ್ಗು, ಬೇಶ ಸಿಡಿಲಿನ ಕಾಲ. ಅಪರಾಹ್ನ ಕಳೆಯುವಷ್ಟರಲ್ಲಿ ಘಟ್ಟದ ಕಡೆ ಮೋಡ ಕಪ್ಪಾಗುತ್ತದೆ. ಕಾರ್ತೆಲ್, ಆಟಿಯಲ್ಲಿ ಸಿಡಿಲು ಇಳಿದು ತೇವ ಏರುತ್ತದೆ. ಚಪ್ಪಲಿಗೆ ಬರುವ ಬೂಷ್ಟು ಮದರ್‌ಬೋರ್ಡಿಗೆ ಬರಬಾರದೆಂಬ ಕಾನೂನಿಲ್ಲವಾದ್ದರಿಂದ, ಕೆಲಸವಿರಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಯಂತ್ರವನ್ನು ಓಡಿಸಿ ಅದರ ಬಿಸಿಯಲ್ಲೇ ಅದನ್ನು ಒಣಗಿಸಬೇಕು. ಬೊಂತೆಲಿನಲ್ಲಿ ಹಿಂಗಾರಿನ ಗುಡುಗು ಬಂದು ಮತ್ತೆ ಮೊದಲ ಅಧ್ಯಾಯ. ಮಾಯಿ, ಸುಗ್ಗಿಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಎದ್ದು, 230 ವೋಲ್ಟು ಎಂಬುದು ಸಾಧುಸಂತರು ಹೇಳುವ ಆದರ್ಶಗಳ ಸಾಲಿಗೆ ಸೇರುತ್ತದೆ. ಆಗ ಯುಪಿಎಸ್ ಇರುಳಿಡೀ ಕೀಂಗುಡುತ್ತದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುವುದು ಸಹಜಧರ್ಮ. ಅದಕ್ಕೆ ಪಕ್ಕದ ಮನೆಯವರ ಕಣ್ಣುದೃಷ್ಟಿ ಕಾರಣವಲ್ಲ.

ಈಗ ಪ್ರಧಾನ ವಿಷಯವಾದ ಸಿಡಿಲು. ಇಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಸ್ವಿಚ್ಚು ಮತದವರು ಗೋಡೆಯ ಸ್ವಿಚ್ಚು ಒತ್ತಿ ಕೃತಾರ್ಥರಾಗುತ್ತಾರೆ. ಆಫ್ ಮಾಡಿದ ಸ್ವಿಚ್ಚಿನೊಳಗೆ ಇರುವುದು ಕೆಲವು ಮಿಲಿಮೀಟರಿನ ಅಂತರ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದವರು ಈ ಹೊಸ್ತಿಲಲ್ಲಿ ನಿಂತು ಅಪ್ಪಣೆ ಕೇಳುತ್ತಾರೆಂದು ನಂಬುವುದು ಭಕ್ತಿಯೇ ಹೊರತು ಭೌತಶಾಸ್ತ್ರವಲ್ಲ. ಪ್ಲಗ್ಗು ಮತದವರು ಇವರಿಗಿಂತ ಮೇಲು. ಪ್ಲಗ್ಗನ್ನೇ ಕಿತ್ತು ನೆಲಕ್ಕಿಡುತ್ತಾರೆ. ಆದರೆ ಹಿಂಬದಿಯ ನೆಟ್ ಕೇಬಲ್ಲನ್ನು ಮರೆತು, ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟವರ ಗತಿ ಕಾಣುತ್ತಾರೆ. ಟೆಲಿಫೋನ್ ತಂತಿಯ ಕಾಲದಲ್ಲಿ ಎಷ್ಟೋ ಮೋಡೆಮುಗಳು ಈ ದಾರಿಯಲ್ಲೇ ಸ್ವರ್ಗಸ್ಥವಾದವು. ಈಗಿನ ಫೈಬರ್ ಎಳೆ ಗಾಜಿನದು, ಕರೆಂಟು ಹರಿಸದು, ನಿಜ. ಮೋಡೆಮಿನ ಅಡಾಪ್ಟರು ಮಾತ್ರ ಗಾಜಿನದಲ್ಲ. ಆದಕಾರಣ ಎರಡನ್ನೂ ಕೀಳುವ ಉಭಯ ಮತವೇ ಸಿದ್ಧಾಂತ.

ಕೀಳುವ ಮುಹೂರ್ತ ಯಾವುದು? ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಎಣಿಕೆ ಮೂವತ್ತರೊಳಗೆ ಮುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಆಗ ತಂತಿ, ಪ್ಲಗ್ಗು ಏನನ್ನೂ ಮುಟ್ಟಬಾರದು. ಯಂತ್ರ ಹೋದರೆ ಸುಳ್ಯ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಹಾಗಾಗಿ ಅಂಗಳದ ಅಡಿಕೆಗೆ ಟಾರ್ಪಾಲು ಎಳೆಯಲು ಓಡುವ ಹೊತ್ತೇ ಪ್ರಶಸ್ತ: ಒಬ್ಬರು ಅಂಗಳಕ್ಕೆ, ಒಬ್ಬರು ಪ್ಲಗ್ಗಿಗೆ. ಬೇಸಗೆಯಲ್ಲಿ ಅಡಿಕೆ ಬುಡಕ್ಕೆ ನೀರು ಬಿಡುವವರು ಅರ್ತಿಂಗ್ ಗುಂಡಿಗೂ ಒಂದು ಕೊಡ ಹೊಯ್ಯಬೇಕು. ಉಪ್ಪು, ಇದ್ದಿಲು ತುಂಬಿದ ಆ ಗುಂಡಿ ಒಣಗಿದರೆ ಭೂಮಿತಾಯಿ ವಿದ್ಯುತ್ತನ್ನು ಸ್ವೀಕರಿಸಲು ಹಿಂದೆಗೆಯುತ್ತಾಳೆ.

ಇನ್ನು ಜಂತುಪ್ರಕರಣ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕದ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಒಂದು ಪತಂಗಕ್ಕೆ ಇಷ್ಟು ವೈಭವ! ನಮ್ಮಲ್ಲಿ ಮೊದಲ ಮಳೆಯ ಸಂಜೆಯ ಹಾತೆಗಳ ರೆಕ್ಕೆ, ಕೆಂಪಿರುವೆಯ ಮೊಟ್ಟೆ, ಹಲ್ಲಿಯ ಒಣಗಿದ ಬಾಲ, ಇವಿಷ್ಟೂ ಒಂದೇ ಕ್ಯಾಬಿನೆಟ್ಟಿನಲ್ಲಿ ದೊರೆಯುತ್ತವೆ. ಅಂಟಿಸಹೊರಟರೆ ಪಂಚಾಯತಿನ ಕಡತಗಳೂ ಸಾಲವು. ಪರಿಹಾರ ಸರಳ: ಹಿಂಬದಿಯ ಖಾಲಿ ಕಿಂಡಿಗಳನ್ನು ತಗಡಿನಿಂದ ಮುಚ್ಚುವುದು, ಕೀಬೋರ್ಡಿನ ಮೇಲೆ ಹಲಸಿನ ಹಪ್ಪಳ ತಿನ್ನದಿರುವುದು. ಎರಡನೆಯದು ಆಟಿಯಲ್ಲಿ ಅಸಾಧ್ಯವೆಂದು ಈ ಲೇಖಕನೂ ಒಪ್ಪುತ್ತಾನೆ.

ಗಾಳಿ ಬಿಡುವ ಜಾಲರಿಗೂ ಮುಸುಕೆಳೆಯುವ ಕಸೂತಿ ಹೊದಿಕೆ ಯಂತ್ರ ಓಡುವಾಗ ನಿಷಿದ್ಧ, ಅದು ಯಾರ ತವರಿನಿಂದಲೇ ಬಂದಿರಲಿ. ಆಯುಧಪೂಜೆಯ ಕುಂಕುಮ ಕ್ಯಾಬಿನೆಟ್ಟಿನ ಪಕ್ಕೆಗೆ, ಫ್ಯಾನಿನ ಬಾಯಿಗಲ್ಲ. ಪರದೆಗೆ ಗಂಧ ಬೇಡವೇ ಬೇಡ.

ಗಣಕ ಪರದೆ ಬೆಳಗದೆ ಕೂಗಿಕೊಂಡರೆ ಅದು ಶಬ್ದಪ್ರಮಾಣ. ಬಹುಮಟ್ಟಿಗೆ ರ‍್ಯಾಮಿನ ದೋಷ. ಪ್ಲಗ್ಗು ಕಿತ್ತು, ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಗುವಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿ ಕೂರಿಸಬೇಕು. ರಬ್ಬರ್ ತೋಟಗಳ ಸೀಮೆಯಲ್ಲಿ ಈ ಚಿಕಿತ್ಸೆಗೆ ಐನೂರು ರೂಪಾಯಿ ತೆತ್ತು ಬರುವವರಿದ್ದಾರೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂದು ತಾರ್ಕಿಕರ ಮತ. ಯುಪಿಎಸ್ಸಿನಲ್ಲಿ ಹೊಗೆ ಕಂಡಾಗ ಊಹಿಸುತ್ತ ಕೂರದೆ ಮೈನ್ ಆಫ್ ಮಾಡುವುದು.

ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಪದ್ಧತಿಯ ಬಗ್ಗೆ ಪ್ರತ್ಯೇಕ ಗ್ರಂಥವೇ ಬೇಕು. ಇಲ್ಲಿ ಒಂದೇ ಅರಿಕೆ. ಅಡಿಕೆ ಲೆಕ್ಕ, ಮಗಳ ಮದುವೆಯ ಫೋಟೋ ಎಲ್ಲವನ್ನೂ ಪೆನ್‌ಡ್ರೈವಿಗೆ ಪ್ರತಿಮಾಡಿದ ಮೇಲೆ ಅದನ್ನು ಗಣಕಕ್ಕೇ ಚುಚ್ಚಿಬಿಡಬೇಡಿ. ಕಿತ್ತು, ಜಾಗದ ದಾಖಲೆಗಳಿರುವ ಕಪಾಟಿನಲ್ಲಿಡಿ.